ಗಾಡಿಗೆ ಗಾಡಿ ತಾಗಿತು, ಜಗಳ ತಪ್ಪಿಸುವುದು ಹೇಗೆ?

ಸಿಲ್ಕ್ ಬೋರ್ಡ್ ಜಂಕ್ಷನ್, ಸಂಜೆ ಏಳು ಗಂಟೆ. ಪಕ್ಕದ ಬೈಕ್‌ನ ಹ್ಯಾಂಡಲ್ ನಿಮ್ಮ ಕಾರಿನ ಕನ್ನಡಿಗೆ ತಾಗಿತು. ಕನ್ನಡಿ ಮಡಚಿಕೊಂಡಿತು, ಅಷ್ಟೇ. ಆದರೆ ಸವಾರ ಗಾಡಿ ಅಡ್ಡ ನಿಲ್ಲಿಸಿ ನಿಮ್ಮ ಕಡೆ ಬರುತ್ತಿದ್ದಾನೆ. ಈಗ ಏನು ಮಾಡಬೇಕು?

ಮೊದಲು ಡೋರ್ ಲಾಕ್ ಮಾಡಿ, ಗಾಜು ಏರಿಸಿ. ಮಾತಾಡಲೇಬೇಕಾದರೆ ಎರಡು ಬೆರಳಷ್ಟು ಇಳಿಸಿದರೆ ಸಾಕು. ಕಾರಿನಿಂದ ಇಳಿಯಬೇಡಿ. ಇಳಿದು ಎದುರುಬದುರು ನಿಂತ ಮೇಲೆ, ಸುತ್ತ ಹತ್ತು ಜನ ನೋಡುತ್ತಿರುವಾಗ, ಹಿಂದೆ ಸರಿಯುವುದು ಇಬ್ಬರಿಗೂ ಕಷ್ಟ.

ಆಮೇಲೆ ಸಾರಿ ಹೇಳಿ. ತಪ್ಪು ಯಾರದ್ದೇ ಇರಲಿ. ಕೈ ಎತ್ತಿ, ಮೆಲ್ಲಗೆ, "ಸಾರಿ ಸಾರ್, ನೋಡಲಿಲ್ಲ" ಅಂದರೆ ಮುಗಿಯಿತು. ನಮ್ಮ ಊರಿನಲ್ಲಿ ಹೊಡೆದಾಟ ಶುರುವಾಗುವುದು ಗೀರಿನಿಂದ ಅಲ್ಲ, ಏಕವಚನದಿಂದ. "ಏನೋ, ಕಣ್ಣು ಕಾಣಲ್ವಾ" ಅಂದ ಕೂಡಲೇ ಕನ್ನಡಿ ಮರೆತುಹೋಗುತ್ತದೆ, ಮರ್ಯಾದೆ ಮಾತು ಬರುತ್ತದೆ. ಅವರು "ಲೋ" ಅಂದರೂ ನೀವು "ಅಣ್ಣ" ಬಿಡಬೇಡಿ. ನನ್ನ ಮಗಳು ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿಹಿಡಿದು ನಡುಗುತ್ತಾ ಕೂತಿದ್ದ ದಿನ ನಾನು ಇದನ್ನು ಕಲಿತೆ. ಅಂದು ಗೆಲ್ಲಬೇಕು ಅನ್ನೋ ಹಟ ನನಗೂ ಇತ್ತು.

ಗಾಜು ಬಡಿಯುತ್ತಿದ್ದರೆ ಹಾರ್ನ್ ಒತ್ತಿ ಹಿಡಿಯಿರಿ, ತುರ್ತು ಸಹಾಯದ 112ಕ್ಕೆ ಕರೆ ಮಾಡಿ. ಎದುರು ನಿಂತವರ ಮೇಲೆ ಗಾಡಿ ನುಗ್ಗಿಸಬೇಡಿ.

ಬೈಕ್‌ನಲ್ಲಿದ್ದರೆ ಗಾಜಿನ ರಕ್ಷಣೆ ಇಲ್ಲ. ಹಾಗಾಗಿ ಹೆಲ್ಮೆಟ್ ತೆಗೆಯಬೇಡಿ, ಮಾತಾಡಲು ವೈಸರ್ ಏರಿಸಿದರೆ ಸಾಕು. ಕೀ ಕಿತ್ತುಕೊಂಡರೆ ಎಳೆದಾಡಬೇಡಿ. ಗಾಡಿ ಅಲ್ಲೇ ಬಿಟ್ಟು, ಜನ ಇರುವ ಅಂಗಡಿಯೊಳಗೆ ಹೋಗಿ ಫೋನ್ ಮಾಡಿ.

ಹಿಂದೆ ಬರುತ್ತಿದ್ದಾರೆ ಅನ್ನಿಸಿದರೆ ಮನೆಯ ಕಡೆ ತಿರುಗಲೇಬೇಡಿ, ಮನೆ ಎಲ್ಲಿ ಅಂತ ಅವರಿಗೆ ಗೊತ್ತಾಗುತ್ತದೆ. ಪೊಲೀಸ್ ಠಾಣೆಗೋ ದೀಪ ಉರಿಯುತ್ತಿರುವ ಪೆಟ್ರೋಲ್ ಬಂಕ್‌ಗೋ ಹೋಗಿ.

ಯಾರಿಗಾದರೂ ಪೆಟ್ಟಾಗಿದ್ದರೆ ಮಾತು ಬೇರೆ. ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕರ ಕರ್ತವ್ಯ. ರೊಚ್ಚಿಗೆದ್ದ ಗುಂಪಿನಿಂದ ಅದು ಸಾಧ್ಯವಾಗದಿದ್ದರೆ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಆದರೆ ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದರೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಯೊಳಗೆ, ಹತ್ತಿರದ ಠಾಣೆಗೆ ತಿಳಿಸಲೇಬೇಕು.

ಹೊಡೆದರೆ, ಬೆದರಿಸಿದರೆ ದೂರು ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ), ಗಂಭೀರ ಅಪರಾಧವಾದರೆ, ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಡ್ಯಾಶ್‌ಕ್ಯಾಮ್ ಇದ್ದರೆ ಅವತ್ತೇ ವಿಡಿಯೊ ಕಾಪಿ ಮಾಡಿಟ್ಟುಕೊಳ್ಳಿ. ಕಾರ್ಡ್ ತುಂಬಿದ ಮೇಲೆ ಹಳೆಯದು ತಾನಾಗಿಯೇ ಅಳಿಸಿಹೋಗುತ್ತದೆ.