ಹುಳದ ಗುಳಿಗೆ ಕೊಟ್ಟಿರಿ, ಹಕ್ಕರಕಿ ಸೊಪ್ಪು ತೊಳೆದಿರಾ?

ಬೆಲ್ಲ ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಹುಳ ಆಗುತ್ತವೆ ಅಂತ ನಮ್ಮ ಕಡೆ ಅಜ್ಜಿಯರು ಮಕ್ಕಳನ್ನು ಗದರಿಸುತ್ತಾರೆ. ಬೆಲ್ಲದ್ದೇನೂ ತಪ್ಪಿಲ್ಲ. ದುಂಡುಹುಳದ ತತ್ತಿ ಬರುವುದು ಮಣ್ಣಿನಿಂದ. ಒಂದು ಹೆಣ್ಣು ಹುಳ ದಿನಕ್ಕೆ ಸುಮಾರು 2 ಲಕ್ಷ ತತ್ತಿ ಇಡುತ್ತದೆ. ಅವು ಮಲದ ಜೊತೆ ಮಣ್ಣು ಸೇರಿ, ಎರಡು-ಮೂರು ವಾರ ಬಲಿತು, ಉಗುರಿನ ಸಂದಿಯಿಂದಲೋ ಹಸಿ ಸೊಪ್ಪಿನಿಂದಲೋ ಬಾಯಿಗೆ ಬೀಳುತ್ತವೆ.

ಮೊದಲು ಗುರುತು ನೋಡಿ. ಮಲದಲ್ಲಿ ಎರೆಹುಳದಂಥ ಗೇಣುದ್ದದ ಹುಳ ಬಿದ್ದರೆ ಅನುಮಾನವೇ ಬೇಡ. ಎಷ್ಟೋ ಮಕ್ಕಳಲ್ಲಿ ಏನೂ ಕಾಣುವುದಿಲ್ಲ. ಕೆಲವರಿಗೆ ಹೊಟ್ಟೆನೋವು ಬರುತ್ತದೆ, ಊಟ ಸೇರುವುದಿಲ್ಲ, ತೂಕ ಏರುವುದಿಲ್ಲ. ರಾತ್ರಿ ಹಲ್ಲು ಕಡಿದರೆ ಹುಳವೇ ಅಂತ ಸುಮ್ನೆ ತೀರ್ಮಾನಿಸಬೇಡಿ. ಮಲ ಪರೀಕ್ಷೆ ಮಾಡಿಸಿ.

ಆಮೇಲೆ ಗುಳಿಗೆ. ಫೆಬ್ರುವರಿ 10, ಆಗಸ್ಟ್ 10ರ ಆಸುಪಾಸಿನಲ್ಲಿ ಅಂಗನವಾಡಿ, ಶಾಲೆಗಳಲ್ಲಿ 1ರಿಂದ 19 ವರ್ಷದವರಿಗೆ ಅಲ್ಬೆಂಡಜೋಲ್ ಪುಕ್ಕಟೆ ಕೊಡುತ್ತಾರೆ. ಎರಡು ವರ್ಷ ತುಂಬಿದವರಿಗೆ 400 ಮಿಲಿಗ್ರಾಂನ ಇಡೀ ಗುಳಿಗೆ, ಅದಕ್ಕಿಂತ ಸಣ್ಣವರಿಗೆ ಅರ್ಧ. ಪುಟ್ಟ ಮಕ್ಕಳಿಗೆ ಇಡಿಯಾಗಿ ನುಂಗಿಸಬೇಡಿ. ಎರಡು ಚಮಚಗಳ ನಡುವೆ ಇಟ್ಟು ಒತ್ತಿ ಪುಡಿ ಮಾಡಿ, ಕುಡಿಯುವ ನೀರಲ್ಲಿ ಕಲಸಿ ಕುಡಿಸಿ. ದೊಡ್ಡ ಮಕ್ಕಳು ಅಗಿದು ತಿನ್ನಲಿ. ಅಳುವ ಮಗುವಿನ ಮೂಗು ಹಿಡಿದು ಹಾಕುವುದಂತೂ ಬೇಡವೇ ಬೇಡ, ಉಸಿರುನಾಳಕ್ಕೆ ಹೋದೀತು. ಜ್ವರ ಇದ್ದರೆ ವಾಸಿಯಾಗುವವರೆಗೆ ತಡೆಯಿರಿ. ಹೊಟ್ಟೆಯಲ್ಲಿ ಹುಳ ಜಾಸ್ತಿ ಇದ್ದರೆ ಆವತ್ತು ಸ್ವಲ್ಪ ಹೊಟ್ಟೆನೋವು, ವಾಕರಿಕೆ ಆಗಬಹುದು. ಅದು ತಾನಾಗಿ ಇಳಿಯುತ್ತದೆ.

ಆದರೆ ಹೊಟ್ಟೆ ಉಬ್ಬಿ, ಮೇಲಿಂದ ಮೇಲೆ ವಾಂತಿಯಾಗಿ, ಮಲವೂ ಇಲ್ಲ ಗಾಳಿಯೂ ಇಲ್ಲ ಅಂದರೆ ಹುಳಗಳು ಗಂಟಾಗಿ ಕರುಳು ಕಟ್ಟಿರಬಹುದು. ಮನೆಯಲ್ಲಿ ಗುಳಿಗೆ ಹಾಕುತ್ತ ಕೂಡಬೇಡಿ. ನೇರ ದೊಡ್ಡಾಸ್ಪತ್ರೆಗೆ ನಡೆಯಿರಿ.

ಗುಳಿಗೆ ಸಾಯಿಸುವುದು ಒಳಗಿರುವ ಹುಳವನ್ನು ಮಾತ್ರ. ನಾಳೆ ಬಾಯಿಗೆ ಬರುವ ತತ್ತಿಗೆ ಅದು ತಡೆಯಲ್ಲ. ಊಟಕ್ಕೆ ಮುಂಚೆ, ಶೌಚದ ನಂತರ ಸೋಪು, ಕತ್ತರಿಸಿದ ಉಗುರು, ಕಾಲಿಗೆ ಚಪ್ಪಲಿ ಇವು ನಿಮಗೆ ಗೊತ್ತಿದ್ದದ್ದೇ. ನನಗೆ ಹೆಚ್ಚು ಚಿಂತೆ ರೊಟ್ಟಿ ಜೊತೆಗಿನ ಹಸಿ ತಪ್ಪಲಿನದು, ಅಂದರೆ ಹಸಿ ಸೊಪ್ಪಿನದು. ಹುಬ್ಬಳ್ಳಿ-ಧಾರವಾಡದ ಸುತ್ತ ಕೆಲವು ಹೊಲಗಳಲ್ಲಿ ನಾಲಾದ ಚರಂಡಿ ನೀರು ಹಾಯಿಸಿ ತರಕಾರಿ ಬೆಳೆಯುತ್ತಾರೆ ಅಲ್ವಾ? ತತ್ತಿಯ ಮೈ ಅಂಟಂಟು. ಒಂದು ಸಲ ನೀರಲ್ಲಿ ಅದ್ದಿ ತೆಗೆದರೆ ಹೋಗುವುದಿಲ್ಲ, ಉಪ್ಪುನೀರಿಗೂ ಸಾಯುವುದಿಲ್ಲ. ಬೇರು ಕತ್ತರಿಸಿ, ಹಕ್ಕರಕಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲಿನ ಎಸಳು ಬಿಡಿಸಿ, ಬುಡದ ಮಣ್ಣನ್ನು ಬೆರಳಿನಿಂದ ಉಜ್ಜಿ, ಬೋಗುಣಿಯ ತಳದಲ್ಲಿ ಕೆಸರು ನಿಲ್ಲದಿರುವವರೆಗೆ ನೀರು ಬದಲಿಸಿ. ಮೂಲಂಗಿ, ಗಜ್ಜರಿ ಸಿಪ್ಪೆ ತೆಗೆಯಿರಿ. ಎಲ್ಲಿಯ ಸೊಪ್ಪು ಅಂತ ಗೊತ್ತಿಲ್ಲವಾ? ಪುಟ್ಟ ಮಕ್ಕಳಿಗೆ ಹಸಿ ಕೊಡಬೇಡಿ, ಚೆನ್ನಾಗಿ ಬೇಯಿಸಿ ಪಲ್ಯ ಮಾಡಿ.