ನಿದ್ದೆ ಬರುತ್ತಿಲ್ಲವೇ? ಹಾಸಿಗೆಯಲ್ಲಿ ಇರುವ ಹೊತ್ತು ಕಡಿಮೆ ಮಾಡಿ

ರಾತ್ರಿ ಎರಡು ಗಂಟೆ. ಫ್ಯಾನಿನ ಸದ್ದು, ಬೀದಿನಾಯಿಗಳ ಜಗಳ, ಪಕ್ಕದವರ ಗೊರಕೆ ಎಲ್ಲವೂ ಕೇಳುತ್ತಿದೆ. ‘ಈಗ ನಿದ್ದೆ ಬಂದರೂ ನಾಲ್ಕು ಗಂಟೆ ಸಿಗುತ್ತೆ’ ಎಂಬ ಲೆಕ್ಕ ಶುರು. ಲೆಕ್ಕ ಹಾಕುತ್ತಲೇ ಮೂರಾಗುತ್ತದೆ. ಕೆಲವು ವರ್ಷದ ಹಿಂದೆ ನಾನೂ ಮೂರ್ನಾಲ್ಕು ತಿಂಗಳು ಹೀಗೆ ಸೂರು ನೋಡುತ್ತಾ ಮಲಗಿದವನು. ಆಗ ಮಾಡಿದ ತಪ್ಪು ಎಲ್ಲರೂ ಮಾಡುವಂಥದ್ದೇ. ನಿದ್ದೆ ಸಾಲುತ್ತಿಲ್ಲ ಅಂತ ಒಂಬತ್ತಕ್ಕೇ ಹಾಸಿಗೆ ಸೇರುತ್ತಿದ್ದೆ.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಈ ಗಾದೆ ಅರ್ಧ ನಿಜ. ಸಾಲ, ಸಾವು, ಪರೀಕ್ಷೆ, ಕೆಲಸದ ತಲೆನೋವು ನಿದ್ದೆ ಕೆಡಿಸುತ್ತವೆ. ಆದರೆ ಸಾಲ ತೀರಿದ ಮೇಲೂ ನಿದ್ದೆ ಬರುವುದಿಲ್ಲವಲ್ಲ, ಯಾಕೆ? ನಿದ್ದೆಗೆಟ್ಟ ದಿನಗಳಲ್ಲಿ ನಾವು ರೂಢಿಸಿಕೊಂಡ ಅಭ್ಯಾಸಗಳು ಹಾಗೇ ಉಳಿದಿರುತ್ತವೆ. ಬೇಗ ಮಲಗುವುದು, ಮಧ್ಯಾಹ್ನ ಒಂದು ಜೊಂಪು, ಎಚ್ಚರ ಇದ್ದರೂ ಹೊರಳಾಡುತ್ತಾ ಬಿದ್ದಿರುವುದು. ದಿನ ಕಳೆದಂತೆ ಹಾಸಿಗೆ ಕಂಡರೇ ಎಚ್ಚರ ಆಗುವಷ್ಟು ಮಿದುಳು ಪಳಗುತ್ತದೆ.

ಮೊದಲು, ಇದು ನಿದ್ರಾಹೀನತೆಯೇ ನೋಡಿ

ಒಂದೆರಡು ವಾರ ನಿದ್ದೆ ಏರುಪೇರಾದರೆ ಗಾಬರಿ ಬೇಡ. ವಾರಕ್ಕೆ ಮೂರು ರಾತ್ರಿಯಾದರೂ ನಿದ್ದೆ ಹತ್ತದೆ, ನಡುವೆ ಎಚ್ಚರವಾಗಿ, ಇಲ್ಲವೇ ಬೆಳಗಿನ ಜಾವವೇ ಕಣ್ಣು ಬಿಟ್ಟು, ಅದರಿಂದ ಹಗಲಿನ ಕೆಲಸ ಕೆಡುತ್ತಾ ಮೂರು ತಿಂಗಳು ಕಳೆದರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಮಲಗಲು ಸಮಯವೇ ಸಿಗದವರ ಕಥೆ ಬೇರೆ. ಜೋರು ಗೊರಕೆಯ ನಡುವೆ ಉಸಿರು ನಿಂತಂತಾಗಿ ಏಳುವವರು, ಮಲಗಿದೊಡನೆ ಕಾಲು ಆಡಿಸಲೇಬೇಕು ಅನಿಸುವವರು ಈ ಲೇಖನ ಬದಿಗಿಟ್ಟು ಡಾಕ್ಟರನ್ನು ನೋಡಿ. ಅವರ ಚಿಕಿತ್ಸೆಯೇ ಬೇರೆ.

ಆರೋಗ್ಯಕ್ಕೆ ಏನಾಗುತ್ತದೆ? ಮೊದಲು ಕಾಣುವುದು ಸಿಡುಕು, ಮರೆವು, ಗಾಡಿ ಓಡಿಸುವಾಗ ತೂಕಡಿಕೆ. ರಾತ್ರಿ ನಿದ್ದೆಯಲ್ಲಿ ರಕ್ತದೊತ್ತಡ ಶೇ 10ರಿಂದ 20ರಷ್ಟು ಇಳಿಯಬೇಕು. ನಿದ್ದೆಯೇ ಇಲ್ಲದಿದ್ದರೆ ಹೃದಯಕ್ಕೆ ಆ ಬಿಡುವು ಸಿಗದು. ವರ್ಷಗಟ್ಟಲೆ ನಿದ್ದೆ ಕೆಟ್ಟವರಲ್ಲಿ ಬಿಪಿ, ಶುಗರ್, ಖಿನ್ನತೆ ಜಾಸ್ತಿ ಕಂಡುಬರುತ್ತವೆ. ಖಿನ್ನತೆಯಿಂದ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟು ಖಿನ್ನತೆಯೂ ಬರುತ್ತದೆ. ಆದರೆ ಇದನ್ನು ರಾತ್ರಿ ಎರಡು ಗಂಟೆಗೆ ಮೊಬೈಲಿನಲ್ಲಿ ಓದಬೇಡಿ. ನಿನ್ನೆ ಮಲಗದ್ದಕ್ಕೆ ಇವತ್ತು ಹೃದಯ ನಿಲ್ಲುವುದಿಲ್ಲ, ಆ ಭಯದಿಂದ ಇವತ್ತಿನ ನಿದ್ದೆಯೂ ಹೋಗುತ್ತದೆ, ಅಷ್ಟೇ.

ಎರಡು ವಾರ ಬರೆದಿಡಿ

ಒಂದು ನೋಟ್‌ಬುಕ್ಕು ಸಾಕು. ಮಲಗಿದ್ದು ಎಷ್ಟಕ್ಕೆ, ನಿದ್ದೆ ಹತ್ತಿದ್ದು ಅಂದಾಜು ಎಷ್ಟಕ್ಕೆ, ಎಷ್ಟು ಸಲ ಎಚ್ಚರ, ಎದ್ದಿದ್ದು ಯಾವಾಗ, ಕಾಫಿ ಎಷ್ಟು. ಬೆಳಿಗ್ಗೆ ಎದ್ದಮೇಲೆ ಬರೆಯಿರಿ. ರಾತ್ರಿ ಗಡಿಯಾರ ನೋಡಬೇಡಿ, ಅದನ್ನು ಗೋಡೆ ಕಡೆ ತಿರುಗಿಸಿಟ್ಟರೂ ತಪ್ಪಿಲ್ಲ.

ಈಗ ಮುಖ್ಯವಾದದ್ದು: ಹೊತ್ತು ಕತ್ತರಿಸುವುದು

ನಿದ್ದೆಯೂ ಹಸಿವಿನ ಹಾಗೆ. ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸೇರುತ್ತಾ ಹೋಗುತ್ತದೆ. ಅದು ಹೆಚ್ಚಿದಷ್ಟೂ ನಿದ್ದೆಯ ಹಸಿವು ಹೆಚ್ಚು. ಮಧ್ಯಾಹ್ನದ ಜೊಂಪು ಊಟಕ್ಕೆ ಮುಂಚೆ ಬೋಂಡಾ ತಿಂದ ಹಾಗೆ. ಕಾಫಿ ಆ ಹಸಿವನ್ನೇ ಮರೆಮಾಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯಲು ಸುಮಾರು 5 ಗಂಟೆ ಬೇಕು. ಹಾಗಾಗಿ ಸಂಜೆಯ ಫಿಲ್ಟರ್ ಕಾಫಿ ಬಿಡಿ. (ನನಗೆ ಈ ಇಡೀ ಚಿಕಿತ್ಸೆಯಲ್ಲಿ ಕಷ್ಟವಾದದ್ದು ಇದೊಂದೇ.)

ನೋಟ್‌ಬುಕ್ಕಿನ ಪ್ರಕಾರ ನೀವು ರಾತ್ರಿ 9.30ರಿಂದ ಬೆಳಿಗ್ಗೆ 6.30ರವರೆಗೆ 9 ಗಂಟೆ ಹಾಸಿಗೆಯಲ್ಲಿದ್ದು, ನಿದ್ದೆ ಮಾಡುವುದು 6 ಗಂಟೆ ಎಂದುಕೊಳ್ಳಿ. ಇನ್ನು ಮುಂದೆ ಹಾಸಿಗೆಗೂ 6 ಗಂಟೆ ಮಾತ್ರ. ಏಳುವುದು 6ಕ್ಕೆ, ಮಲಗುವುದು 12ಕ್ಕೆ. ಭಾನುವಾರಕ್ಕೂ ರಿಯಾಯಿತಿ ಇಲ್ಲ. ಮೊದಲ ವಾರ ಹಗಲು ಜಡವಾಗಿರುತ್ತದೆ, ಮನೆಯವರು ಬೈಯುತ್ತಾರೆ, ತಡೆದುಕೊಳ್ಳಿ. ಹಾಸಿಗೆಯ ಹೊತ್ತಿನಲ್ಲಿ ಶೇ 85ರಷ್ಟು, ಅಂದರೆ 5 ಗಂಟೆಗೂ ತುಸು ಜಾಸ್ತಿ, ನಿದ್ದೆ ತುಂಬಿದ ವಾರ 15 ನಿಮಿಷ ಮುಂಚೆ ಮಲಗಿ. ಮುಂದಿನ ವಾರ ಇನ್ನೊಂದು 15. ಹೀಗೆ ನಿಮಗೆ ಸಾಕೆನಿಸುವವರೆಗೆ. ನಿದ್ದೆ ಎಷ್ಟೇ ಕಡಿಮೆ ಇದ್ದರೂ 5 ಗಂಟೆಗಿಂತ ಕೆಳಗೆ ಇಳಿಸಬೇಡಿ. ಫಿಟ್ಸ್ ಇರುವವರು, ಬೈಪೋಲಾರ್ ಕಾಯಿಲೆಯವರು, ಬಸ್ಸು ಲಾರಿ ಓಡಿಸುವವರು ಇದನ್ನು ಸ್ವಂತವಾಗಿ ಮಾಡಲೇಬಾರದು.

ಇದರ ಜೊತೆಗೆ ಇನ್ನೊಂದು. ಮಲಗಿ ಸುಮಾರು 20 ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ. ಮಂದ ಬೆಳಕಿನಲ್ಲಿ ಸುಮ್ನೆ ಕೂತು ಬಟ್ಟೆ ಮಡಿಸಿ, ಹಳೆಯ ಪತ್ರಿಕೆ ಓದಿ. ಕಣ್ಣು ಎಳೆದಾಗ ಮಾತ್ರ ವಾಪಸ್. ಎಷ್ಟು ಸಲವಾದರೂ ಸರಿ. ಹಾಸಿಗೆ ಎಂದರೆ ನಿದ್ದೆ ಎಂದು ಮಿದುಳಿಗೆ ಮತ್ತೆ ಕಲಿಸುವುದು ಹೀಗೆಯೇ. ‘ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತೆ’ ಅನ್ನುವವರಿದ್ದಾರೆ. ಬರುತ್ತದೆ, ಆದರೆ ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ.

ಮಾತ್ರೆಗೆ ಮುಂಚೆ

ಮೇಲಿನದ್ದೆಲ್ಲ ಸಿಬಿಟಿ-ಐ ಎಂಬ ಚಿಕಿತ್ಸೆಯ ಭಾಗ. ನಿದ್ದೆ ಕೆಡಿಸುವ ಯೋಚನೆ, ಅಭ್ಯಾಸಗಳನ್ನು ಮಾತ್ರೆಯಿಲ್ಲದೆ ತಿದ್ದುವ ಚಿಕಿತ್ಸೆ ಇದು. ಮೊದಲು ಇದನ್ನೇ ಕೊಡಬೇಕು ಎಂದು ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2016ರಲ್ಲಿ ಸೂಚಿಸಿತು. ನಮ್ಮಲ್ಲಿ ಇದು ಉಲ್ಟಾ. ಹಳೆ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ನಿದ್ದೆ ಮಾತ್ರೆ ತರುವವರು ಎಷ್ಟು ಜನ, ಅಲ್ವಾ? ಅಲ್‌ಪ್ರಜೋಲಮ್‌ನಂಥ ಮಾತ್ರೆಗಳಿಗೆ ದೇಹ ಒಗ್ಗಿಹೋಗುತ್ತದೆ, ವಯಸ್ಸಾದವರು ರಾತ್ರಿ ಎದ್ದಾಗ ಬೀಳುತ್ತಾರೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ಈ ಲೇಖನ ಓದಿ ದಿಢೀರ್ ನಿಲ್ಲಿಸಬೇಡಿ. ಡಾಕ್ಟರ್ ಹೇಳಿದಂತೆ ಸ್ವಲ್ಪ ಸ್ವಲ್ಪವೇ ಇಳಿಸಬೇಕು.

ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ ಬಳಿ ಹೋಗುವುದಾದರೆ ಆ ನೋಟ್‌ಬುಕ್ಕು ಮರೆಯಬೇಡಿ. ‘ನಿದ್ದೆನೇ ಬರಲ್ಲ ಡಾಕ್ಟ್ರೇ’ ಎನ್ನುವ ಬದಲು ಅದನ್ನು ಮೇಜಿನ ಮೇಲಿಡಿ.