ತೀರಿಹೋದವರ ಖಾತೆಗಳ ಕೆಲಸವನ್ನು ನಾನೇ ಕೇಳಿ ತಗೊಂಡೆ

ಬ್ಯಾಂಕ್ ನೌಕರಿ ಅಂದರೆ ನಮ್ಮ ಕಡೆ ಇವತ್ತಿಗೂ ಮರ್ಯಾದೆ ಇದೆ. ಹೆಣ್ಣು ಕೊಡುವವರು ಎರಡನೇ ಪ್ರಶ್ನೆ ಕೇಳುವುದಿಲ್ಲ. ಆದರೆ ಒಳಗೆ ಕೂತವರನ್ನು ಕೇಳಿ ನೋಡಿ. ಊಟಕ್ಕೆ ಡಬ್ಬಿ ಬಿಚ್ಚಿದರೆ ಸಾಕು, "ನಿಂದು ಇನ್ನೂ ಎಷ್ಟು ವರ್ಷ ಸರ್ವಿಸ್ ಇದೆ?" ಅಂತ ಮಾತು ಶುರುವಾಗುತ್ತದೆ. ಮೊನ್ನೆ ಮೊನ್ನೆ ಮದುವೆಯಾದ ಹುಡುಗರೂ ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿಯ ಲೆಕ್ಕ ಹಾಕುತ್ತಾರೆ. ನಾನೂ ಹಾಕುತ್ತಿದ್ದೆ.

ನಾನು ಹಾವೇರಿ ಜಿಲ್ಲೆಯ ಒಂದು ಹೋಬಳಿ ಊರಿನ ಶಾಖೆಯಲ್ಲಿ ಕ್ಲರ್ಕ್. ಈಗ ನಮಗೆ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತ ಹೆಸರು ಬಂದಿದೆ, ಕೌಂಟರ್ ಮಾತ್ರ ಹಳೆಯದೇ. ಸುತ್ತಲೂ ಮೆಕ್ಕೆಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಹಳ್ಳಿಗಳು. ಸಂತೆ ದಿನ ಬಾಗಿಲು ತೆಗೆಯುವ ಮೊದಲೇ ಕಟ್ಟೆ ತುಂಬಿರುತ್ತದೆ. ಗೃಹಲಕ್ಷ್ಮಿ ದುಡ್ಡು ಜಮಾ ಆಗಿದೆ ಅಂತ ಸುದ್ದಿ ಹಬ್ಬಿದರೆ ಕೇಳಲೇಬೇಡಿ.

ಜನಜಂಗುಳಿ ನನಗೆ ಯಾವತ್ತೂ ಬೇಸರ ತಂದಿಲ್ಲ. ಬೇಸರ ತರುತ್ತಿದ್ದದ್ದು ಮೇಲಿನ ಕಚೇರಿಯಿಂದ ಬರುವ ಮಧ್ಯಾಹ್ನದ ಫೋನು. "ಇವತ್ತು ಎಷ್ಟು ಪಾಲಿಸಿ ಆಯ್ತು? ಎಷ್ಟು ಎಸ್‌ಐಪಿ? ಸೊನ್ನೆನಾ?" ಎಸ್‌ಐಪಿ ಅಂದರೆ ತಿಂಗಳ ಕಂತಿನ ಮ್ಯೂಚುವಲ್ ಫಂಡ್. ಬೆಳೆ ಸಾಲ ರಿನ್ಯೂವಲ್ ಮಾಡಿಸಲು ಬಂದ ರೈತನಿಗೆ ಇಪ್ಪತ್ತು ವರ್ಷದ ವಿಮೆ ಮಾರಬೇಕು. ಅವನು ಬೇಡ ಅನ್ನಲಾರ, ಸಾಲದ ಫೈಲು ನಮ್ಮ ಮೇಜಿನ ಮೇಲಿರುತ್ತದೆ. ಆ ಹೊತ್ತಿನಲ್ಲಿ ಅವನ ಮುಖ ನೋಡುವುದು ಕಷ್ಟ.

ಇನ್ನೊಂದು ಬೇಸರ ಇತ್ತು. ಅದು ಏನು ಅಂತ ಗೊತ್ತಾಗಲು ಜಾಸ್ತಿ ಕಾಲ ಬೇಕಾಯಿತು. ನಾವು ಮಾಡುವ ಯಾವ ಕೆಲಸದ ಕೊನೆಯೂ ನಮಗೆ ಕಾಣುವುದಿಲ್ಲ. ಸಾಲದ ಅರ್ಜಿ ತಗೊಂಡು ಸ್ಕ್ಯಾನ್ ಮಾಡಿ ಸಿಟಿಯ ಪ್ರೊಸೆಸಿಂಗ್ ಸೆಂಟರ್‌ಗೆ ಕಳಿಸುತ್ತೇವೆ. ಮಂಜೂರು ಮಾಡುವವರು ಅಲ್ಲೆಲ್ಲೋ ಕೂತಿರುತ್ತಾರೆ. ಚೆಕ್ಕಿನ ಫೋಟೋ ಹೋಗುತ್ತದೆ, ಕ್ಲಿಯರಿಂಗ್ ಇನ್ನೆಲ್ಲೋ ಆಗುತ್ತದೆ. ಖಾತೆ ಯಾಕೆ ಫ್ರೀಜ್ ಆಯಿತು ಅಂತ ಕೇಳಿದರೆ "ಸಿಸ್ಟಮ್‌ನಲ್ಲಿ ಹಾಗೆ ಬರ್ತಿದೆ" ಅನ್ನುವುದಷ್ಟೇ ನಮ್ಮ ಉತ್ತರ. ದಿನವಿಡೀ ದುಡಿದಿರುತ್ತೇವೆ, ಸಂಜೆ ಕ್ಯಾಶ್ ಟ್ಯಾಲಿ ಆದದ್ದು ಬಿಟ್ಟರೆ ಮುಗಿಯಿತು ಅನ್ನುವಂಥದ್ದು ಏನೂ ಕೈಯಲ್ಲಿ ಇರುವುದಿಲ್ಲ.

2024ರ ಮಾರ್ಚ್ 8ರಂದು ಬ್ಯಾಂಕ್ ನೌಕರರ ಸಂಬಳದ ಹನ್ನೆರಡನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಶೇಕಡಾ 17 ಏರಿಕೆ, ಅದೂ 2022ರ ನವೆಂಬರ್‌ನಿಂದ ಲೆಕ್ಕ. ಅರಿಯರ್ಸ್ ಬಂದ ದಿನ ಶಾಖೆಯಲ್ಲಿ ಜಾಮೂನು ಹಂಚಿದೆವು. ನಾನು ಮನೆ ಸಾಲಕ್ಕೆ ಒಂದಿಷ್ಟು ಕಟ್ಟಿದೆ, ಫ್ರಿಜ್ ಬದಲಾಯಿಸಿದೆ. ನೆಮ್ಮದಿ ಆಯಿತು, ಸುಳ್ಳು ಹೇಳಬಾರದು. ಮಳೆಗಾಲ ಶುರುವಾಗುವ ಹೊತ್ತಿಗೆ ಡಬ್ಬಿ ಸುತ್ತ ಅದೇ ಹಳೇ ಮಾತು ವಾಪಸ್ ಬಂತು.

ಆಗ ನಾನು ಬ್ಯಾಂಕ್ ನೌಕರರು ಬರೆಯುವ ಸಿಎಐಐಬಿ ಪರೀಕ್ಷೆಗೆ ಓದುತ್ತಿದ್ದೆ. ಪ್ರಮೋಷನ್ ಸಿಕ್ಕರೆ ಎಲ್ಲ ಸರಿಹೋಗುತ್ತದೆ ಅನ್ನುವ ಆಸೆ. ಅದರಲ್ಲಿ ಸಿಬ್ಬಂದಿ ನಿರ್ವಹಣೆಯ ಭಾಗ ಬರುತ್ತದೆ, ಎಲ್ಲರೂ ಬಾಯಿಪಾಠ ಮಾಡಿ ಮರೆಯುವಂಥದ್ದು. ಹರ್ಜ್‌ಬರ್ಗ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1950ರ ದಶಕದಲ್ಲಿ ಪಿಟ್ಸ್‌ಬರ್ಗ್ ಸುತ್ತಮುತ್ತ ಸುಮಾರು 200 ಜನ ಇಂಜಿನಿಯರುಗಳನ್ನೂ ಅಕೌಂಟೆಂಟುಗಳನ್ನೂ ಮಾತಾಡಿಸಿದ್ದ. ಕೆಲಸದಲ್ಲಿ ತುಂಬಾ ಖುಷಿಯಾದದ್ದು ಯಾವಾಗ, ತುಂಬಾ ಬೇಜಾರಾದದ್ದು ಯಾವಾಗ ಅಂತ ಕೇಳಿದ್ದ. ಸಂಬಳ, ಕಚೇರಿಯ ನಿಯಮ, ಮೇಲಿನವರ ಕಾಟ ಇವೆಲ್ಲ ಹೆಚ್ಚಾಗಿ ಬೇಜಾರಿನ ಕತೆಗಳಲ್ಲಿ ಬಂದವು. ಅವು ಸರಿಯಿಲ್ಲದಿದ್ದರೆ ಸಿಟ್ಟು ಬರುತ್ತದೆ, ಸರಿಹೋದರೆ ಸಿಟ್ಟು ಇಳಿಯುತ್ತದೆ, ಅಷ್ಟೇ. ಖುಷಿಯ ಕತೆಗಳಲ್ಲಿ ಇದ್ದದ್ದು ಬೇರೆ: ಏನೋ ಒಂದನ್ನು ಮಾಡಿ ಮುಗಿಸಿದ್ದು, ಅದನ್ನು ಯಾರೋ ಗುರುತಿಸಿದ್ದು, ಆ ಕೆಲಸವೇ ಹಿಡಿಸಿದ್ದು. ಮುಂದಿನ ಪುಟದಲ್ಲಿ ಹ್ಯಾಕ್‌ಮನ್ ಮತ್ತು ಓಲ್ಡ್‌ಹ್ಯಾಮ್ ಅಂತ ಇಬ್ಬರು. ಒಂದು ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಒಬ್ಬನೇ ಮಾಡಿ ಫಲ ಕಣ್ಣಾರೆ ನೋಡುವುದಕ್ಕೆ 1970ರ ದಶಕದಲ್ಲೇ ಅವರು ದೊಡ್ಡ ಜಾಗ ಕೊಟ್ಟಿದ್ದರು. ನಮ್ಮ ಶಾಖೆಯಲ್ಲಿ ಅಂಥ ಕೆಲಸ ಯಾವುದಿದೆ ಅಂತ ಯೋಚಿಸಿದೆ. ತಕ್ಷಣ ಹೊಳೆಯಲಿಲ್ಲ.

ಹೊಳೆದದ್ದು ಒಬ್ಬ ಹೆಣ್ಣುಮಗಳು ಬಂದ ಮೇಲೆ. ಮೈದುನನ ಜೊತೆ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಗಂಡನ ಮರಣ ಪ್ರಮಾಣಪತ್ರ, ಅದರೊಳಗೆ ಮಡಚಿದ ಪಾಸ್‌ಬುಕ್ಕು. ಖಾತೆ ಮುಚ್ಚಿ ಇದ್ದಷ್ಟು ದುಡ್ಡು ಕೊಡಿ ಅಂದರು. ಇದ್ದದ್ದು ಎರಡು ಸಾವಿರದ ಚಿಲ್ಲರೆ. ನಾಮಿನಿ ಅವರೇ, ಹಾಗಾಗಿ ಫಾರಂ ತುಂಬಿಸಿ ಸಹಿ ಹಾಕಿಸಿದರೆ ಮುಗಿಯುತ್ತಿತ್ತು. ಪಾಸ್‌ಬುಕ್ಕಿನ ಪುಟ ತಿರುವಿದೆ. ಮೇ ತಿಂಗಳ ಸಾಲುಗಳಲ್ಲಿ ಒಂದು ಕಡೆ 436 ರೂಪಾಯಿ ಕಡಿತ ಅಂತ ಇತ್ತು.

"ಇದು ಏನು ಗೊತ್ತೇನಮ್ಮಾ?" ಅಂದೆ.

"ಗೊತ್ತಿಲ್ರೀ. ಬ್ಯಾಂಕ್‌ನವ್ರು ಸುಮ್‌ಸುಮ್ನ ರೊಕ್ಕ ಕಟ್ ಮಾಡ್ತಾರ ಅಂತ ಅವ್ರು ವರ್ಷಾ ಬೈತಿದ್ರು."

ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ಬಿಮಾ. 2015ರಲ್ಲಿ ಶುರುವಾದ ಯೋಜನೆ. 18ರಿಂದ 50 ವರ್ಷದೊಳಗೆ ಸೇರಬಹುದು, 55ರವರೆಗೆ ರಕ್ಷಣೆ. ಯಾವ ಕಾರಣದಿಂದ ಸಾವಾದರೂ 2 ಲಕ್ಷ ರೂಪಾಯಿ. ಹೊಸದಾಗಿ ಸೇರಿದವರಿಗೆ ಮಾತ್ರ ಮೊದಲ 30 ದಿನ, ಅಪಘಾತ ಬಿಟ್ಟು, ಅನ್ವಯಿಸುವುದಿಲ್ಲ. ಯಾವುದೋ ವರ್ಷ ಯಾರದೋ ಟಾರ್ಗೆಟ್ ಮುಟ್ಟಿಸಲು ನಮ್ಮಲ್ಲೇ ಒಬ್ಬರು ಆ ಫಾರಂಗೆ ಸಹಿ ಹಾಕಿಸಿದ್ದಿರಬೇಕು. ಹಾಕಿಸಿದವರೂ ಮರೆತಿದ್ದರು, ಹಾಕಿದವರೂ ಮರೆತಿದ್ದರು. ಕ್ಲೇಮ್ ಫಾರಂ ತುಂಬಿಸಿದೆ, ಡಿಸ್ಚಾರ್ಜ್ ರಸೀದಿಗೆ ಸಹಿ ಹಾಕಿಸಿದೆ, ಆಧಾರ್ ಪ್ರತಿ ತಗೊಂಡೆ, ಕಳಿಸಿದೆ. ಹಣ ಬಂತು. ಅವರು ಮತ್ತೆ ಬಂದು ಅರ್ಧಕ್ಕಿಂತ ಜಾಸ್ತಿ ಮಗಳ ಹೆಸರಲ್ಲಿ ಎಫ್‌ಡಿ ಇಟ್ಟರು. ಅವತ್ತು ಕೌಂಟರಿನಲ್ಲಿ ನಾನಿರಲಿಲ್ಲ. "ನಾಕುನೂರಾ ಮೂವತ್ತಾರರ ಸರ್ ಎಲ್ಲಿ?" ಅಂತ ಕೇಳಿದರಂತೆ. ಶಾಖೆಯಲ್ಲಿ ಆ ಹೆಸರು ಇವತ್ತಿಗೂ ಹೋಗಿಲ್ಲ.

ಆಮೇಲೆ ಮ್ಯಾನೇಜರ್ ಹತ್ತಿರ ಹೋಗಿ, ತೀರಿಹೋದವರ ಖಾತೆಗಳ ಕೆಲಸವನ್ನೆಲ್ಲ ನನಗೆ ಕೊಡಿ ಅಂದೆ. ಅವರು ಒಂದು ಕ್ಷಣ ನನ್ನನ್ನು ನೋಡಿ, "ಎಲ್ಲಾನೂ?" ಅಂದರು. ಡೆತ್ ಕ್ಲೇಮ್ ಯಾರಿಗೂ ಬೇಡದ ಕೆಲಸ. ಟಾರ್ಗೆಟ್‌ನಲ್ಲಿ ಅದಕ್ಕೆ ಅಂಕವಿಲ್ಲ. ಕಾಗದ ಜಾಸ್ತಿ, ಜಗಳ ಜಾಸ್ತಿ, ಆಡಿಟ್‌ನವರು ಮೊದಲು ಕೈ ಹಾಕುವುದೇ ಆ ಫೈಲಿಗೆ. ಕ್ಯಾಶ್ ಕೌಂಟರ್ ಬಿಡುವ ಹಾಗಿಲ್ಲ, ಊಟದ ನಂತರ ಒಂದು ಗಂಟೆ ಇದಕ್ಕೆ ಅಂತ ಒಪ್ಪಿದರು.

ಈಗ ನಾನು ಮಾಡುವುದು ಇಷ್ಟು. ಯಾರಾದರೂ ಮರಣ ಪ್ರಮಾಣಪತ್ರ ಹಿಡಿದು ಬಂದರೆ ಖಾತೆ ಮುಚ್ಚುವ ಮೊದಲು ಹಿಂದಿನ ಒಂದು ವರ್ಷದ ಸ್ಟೇಟ್‌ಮೆಂಟ್ ತೆಗೆಯುತ್ತೇನೆ. 436 ಒಂದನ್ನೇ ಹುಡುಕಿದರೆ ಸಾಲದು. ವರ್ಷದ ನಡುವೆ ಸೇರಿದವರಿಗೆ ಸೆಪ್ಟೆಂಬರ್‌ನಿಂದ 342, ಡಿಸೆಂಬರ್‌ನಿಂದ 228, ಮಾರ್ಚ್‌ನಿಂದ 114 ಕಡಿತವಾಗಿರುತ್ತದೆ. 20 ರೂಪಾಯಿ ಕಡಿತ ಕಂಡರೆ ಅದು ಸುರಕ್ಷಾ ಬಿಮಾ, ಅಪಘಾತದ ಸಾವಿಗೆ 2 ಲಕ್ಷ. ಜನಧನ್ ಖಾತೆಯ ರೂಪೇ ಕಾರ್ಡ್ ಇದ್ದರೆ ಅದರಲ್ಲೂ ಅಪಘಾತ ವಿಮೆ ಇದೆ. 2018ರ ಆಗಸ್ಟ್ 28ರ ನಂತರ ಕೊಟ್ಟ ಕಾರ್ಡುಗಳಿಗೆ 2 ಲಕ್ಷ. ಆದರೆ ಅಪಘಾತಕ್ಕೆ ಹಿಂದಿನ 90 ದಿನದೊಳಗೆ ಆ ಕಾರ್ಡ್ ಒಮ್ಮೆಯಾದರೂ ಬಳಸಿರಬೇಕು. ಕಾರ್ಡನ್ನು ಟ್ರಂಕಿನಲ್ಲಿ ಭದ್ರವಾಗಿ ಇಟ್ಟವರಿಗೆ ಇದು ಸಿಗುವುದಿಲ್ಲ. ನಮ್ಮ ಕಡೆ ಮುಕ್ಕಾಲು ಕಾರ್ಡು ಟ್ರಂಕಿನಲ್ಲೇ ಇರುತ್ತವೆ.

ಸಾವು ಹೇಗಾಯಿತು ಅಂತ ಕೇಳಲೇಬೇಕು. ಅದು ಕಷ್ಟದ ಪ್ರಶ್ನೆ. ಹಾವು ಕಚ್ಚಿ ಸತ್ತರೂ ಸುರಕ್ಷಾ ಬಿಮಾ ಬರುತ್ತದೆ, ಆದರೆ ಆಸ್ಪತ್ರೆಯ ದಾಖಲೆ ಬೇಕು. ನಮ್ಮಲ್ಲಿ ಹಾವು ಕಚ್ಚಿದರೆ ಮೊದಲು ನಾಟಿ ವೈದ್ಯರ ಹತ್ತಿರ ಹೋಗುತ್ತಾರೆ, ತೀರಿಕೊಂಡರೆ ಪೋಸ್ಟ್‌ಮಾರ್ಟಂ ಬೇಡ ಅಂತ ಸಂಜೆಯೊಳಗೆ ಮಣ್ಣು ಮಾಡುತ್ತಾರೆ. ಎದುರಿಗೆ ಕೂತವರಿಗೆ ಏನೂ ಬರುವುದಿಲ್ಲ ಅಂತ ಹೇಳಬೇಕಾಗುತ್ತದೆ. ಹಾಗಾಗಿ ಸ್ವಸಹಾಯ ಸಂಘದ ಮಹಿಳೆಯರು ಶಾಖೆಗೆ ಬಂದಾಗಲೆಲ್ಲ ಇದನ್ನು ಹೇಳುತ್ತಿರುತ್ತೇನೆ. ಹೆಣ್ಣುಮಕ್ಕಳಿಗೆ ಹೇಳಿದರೆ ಊರಿಗೆ ಮುಟ್ಟುತ್ತದೆ.

ನಾಮಿನಿ ಇಲ್ಲದ ಖಾತೆ ಬಂದರೆ ಅದು ಬೇರೆಯೇ ಪುರಾಣ. ನಾಡಕಚೇರಿಯಿಂದ ವಂಶವೃಕ್ಷ ತರಬೇಕು. ಅದಕ್ಕೆ ಗ್ರಾಮ ಲೆಕ್ಕಿಗರ ಹತ್ತಿರ ಓಡಾಡಬೇಕು. ಸರ್ಕಾರ ಅವರಿಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು ಬದಲಾಯಿಸಿದೆ, ನಮ್ಮ ಜನಕ್ಕೆ ಅವರು ಇನ್ನೂ ತಲಾಟಿನೇ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಸಹಿಯೂ ಬೇಕು ಅಂದರೆ ಗಂಡುಮಕ್ಕಳ ಮುಖ ಬಾಡುತ್ತದೆ. "ಅವಳ್ದೇನು ಇದ್ರಾಗ?" ಅಂತ ಕೇಳುತ್ತಾರೆ. ಪಾಲಿದೆ ಅಂತ ಹೇಳುತ್ತೇನೆ, ಬೇಕಾದರೆ ಎರಡು ಸಲ. ಇನ್ನೊಂದು ಸಾಮಾನ್ಯ ತಕರಾರು: ಖಾತೆ ತೆರೆದಾಗ ಮದುವೆ ಆಗಿರಲಿಲ್ಲ, ತಮ್ಮನ ಹೆಸರು ನಾಮಿನಿ ಅಂತ ಬರೆಸಿ ಬಿಟ್ಟಿರುತ್ತಾರೆ. ದುಡ್ಡು ತಮ್ಮನ ಕೈಗೇ ಕೊಡಬೇಕು. ಆದರೆ ನಾಮಿನಿ ವಾರಸುದಾರರ ಪರವಾಗಿ ತಗೊಳ್ಳುವವನು, ದುಡ್ಡಿನ ಒಡೆಯನಲ್ಲ. ಅದನ್ನು ಇಬ್ಬರನ್ನೂ ಕೂರಿಸಿಕೊಂಡು ಹೇಳುತ್ತೇನೆ. ಮುಂದೆ ಅವರ ಮನೆ ವಿಚಾರ. 2025ರ ನವೆಂಬರ್ 1ರಿಂದ ಠೇವಣಿ ಖಾತೆಗೆ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು, ಯಾರಿಗೆ ಎಷ್ಟು ಅಂತಲೂ ಬರೆಸಬಹುದು. ಬದುಕಿರುವಾಗ ಐದು ನಿಮಿಷ ಕೊಟ್ಟು ಇದನ್ನು ಮಾಡಿಸಿದರೆ ನನ್ನ ಅರ್ಧ ಕೆಲಸ ಉಳಿಯುತ್ತದೆ.

ಬೇಕಾಗುವ ಕಾಗದಗಳ ಪಟ್ಟಿಯನ್ನು ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಮಾಡಿಸಿದೆ. ಒಂದು ಪ್ರತಿ ನನ್ನ ಮೇಜಿನ ಪಕ್ಕ, ಒಂದು ಎದುರಿನ ಝೆರಾಕ್ಸ್ ಅಂಗಡಿಯಲ್ಲಿ. ಅಂಗಡಿಯವನು ಈಗ ನನಗಿಂತ ಚೆನ್ನಾಗಿ ಫೈಲು ಜೋಡಿಸಿ ಕಳಿಸುತ್ತಾನೆ. ಎಲ್ಲ ಕಾಗದ ಸರಿಯಿದ್ದರೆ 15 ದಿನದೊಳಗೆ ಖಾತೆಯ ಹಣ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ. ಜನರಿಗೆ ದಿನಾಂಕ ಬರೆದುಕೊಟ್ಟರೆ ನನಗೂ ಓಟ ಬರುತ್ತದೆ.

ಎಲ್ಲ ಫೈಲೂ ಖುಷಿಯಲ್ಲಿ ಮುಗಿಯುವುದಿಲ್ಲ. ನನಗೆ ಅತಿ ಕಷ್ಟವಾದ ಸ್ಟೇಟ್‌ಮೆಂಟ್ ಒಂದಿದೆ. ಮೂರು ವರ್ಷ ಸತತವಾಗಿ ವಿಮೆ ಕಡಿತವಾಗಿದೆ. ನಾಲ್ಕನೇ ವರ್ಷ ಕಡಿತದ ದಿನ ಖಾತೆಯಲ್ಲಿ ಇದ್ದದ್ದು ಮುನ್ನೂರ ಚಿಲ್ಲರೆ. ವಿಮೆ ನಿಂತಿತು. ದೀಪಾವಳಿ ಹೊತ್ತಿಗೆ ಆ ಮನುಷ್ಯ ಹೋದ. ಅವತ್ತಿನಿಂದ ಪ್ರತಿ ಮೇ ತಿಂಗಳು ಕೌಂಟರಿಗೆ ಬಂದವರಿಗೆಲ್ಲ, "ಈ ತಿಂಗಳ ಕೊನೆಗೆ ಖಾತೆಯಲ್ಲಿ ಐನೂರು ರೂಪಾಯಿ ಬಿಡಿ, ಪೂರ್ತಿ ತೆಗೀಬೇಡಿ" ಅಂತ ಹೇಳುತ್ತೇನೆ. ಬೈಯುವವರೂ ಇದ್ದಾರೆ. ಹಿಂದೆ ಟಾರ್ಗೆಟ್ ಅಂತ ಮೂಗು ಮುರಿಯುತ್ತಿದ್ದ ಅದೇ ವಿಮೆಯ ಫಾರಂ ಈಗ ಯಾರೂ ಹೇಳದೆ ನಾನೇ ಮುಂದಿಡುತ್ತೇನೆ. ಇಪ್ಪತ್ತು ವರ್ಷದ ಪಾಲಿಸಿಗಳನ್ನು ಇವತ್ತಿಗೂ ಮನಸ್ಸಿಟ್ಟು ಮಾರಲಾರೆ.

ಒಂದು ಮಾತು ನೇರವಾಗಿ ಹೇಳಬೇಕು. ತರಬೇತಿಗೆ ಹೋದಾಗ ಚಪ್ಪಾಳೆ ಹೊಡೆಸಿ, ಸಂತೋಷ ನಿಮ್ಮೊಳಗೇ ಇದೆ ಅಂತ ಹೇಳುವವರು ಸಿಗುತ್ತಾರೆ. ನನ್ನ ಕತೆ ಅವರ ಕೈಗೆ ಸಿಗಬಾರದು. ನಾಲ್ಕು ಜನ ಮಾಡಬೇಕಾದ ಕೆಲಸವನ್ನು ಇಬ್ಬರು ಮಾಡುತ್ತಿದ್ದರೆ ಅದಕ್ಕೆ ಬೇಕಾದದ್ದು ಇನ್ನಿಬ್ಬರು ಜನ. ವಾರಕ್ಕೆ ಐದು ದಿನದ ಕೆಲಸ ಬೇಕು ಅನ್ನುವ ನಮ್ಮ ಬೇಡಿಕೆ ಸರಿಯಾದದ್ದು, ಅದಕ್ಕೆ ನಾನು ಮುಷ್ಕರಕ್ಕೂ ಹೋಗುತ್ತೇನೆ. ಮಧ್ಯಾಹ್ನದ ಫೋನು ನಿಂತಿಲ್ಲ. ಬಂದಾಗ ಸೊನ್ನೆ ಇದ್ದರೆ ಸೊನ್ನೆ ಅನ್ನುತ್ತೇನೆ. ಮೊದಲು ಅದು ರಾತ್ರಿ ಊಟದವರೆಗೂ ನನ್ನ ಜೊತೆ ಬರುತ್ತಿತ್ತು, ಈಗ ಬಸ್ ಹತ್ತುವಷ್ಟರಲ್ಲಿ ಮರೆತಿರುತ್ತೇನೆ. ಆಗಿರುವ ಬದಲಾವಣೆ ಇಷ್ಟು. ಪರೀಕ್ಷೆ ಪಾಸಾಯಿತು, ಪ್ರಮೋಷನ್‌ಗೆ ಇನ್ನೂ ಅರ್ಜಿ ಹಾಕಿಲ್ಲ.

ಬೇರೆ ಸಹೋದ್ಯೋಗಿಗಳಿಗೂ ಇದೇ ಕೆಲಸ ಹಿಡಿಸಬೇಕು ಅಂತಿಲ್ಲ. ಬಿಹಾರದಿಂದ ಬಂದ ನಮ್ಮ ಆಫೀಸರ್ ಒಬ್ಬರು ಸಾವಿನ ಮನೆಯವರ ಜೊತೆ ಮಾತಾಡಲು ಹಿಂಜರಿಯುತ್ತಾರೆ, ಭಾಷೆಯೂ ಅಡ್ಡ. ಅವರಿಗೆ ಹಿಡಿಸಿದ್ದು ಚಿನ್ನದ ಸಾಲದ ಮೇಜು. ಒಡವೆ ಬಿಡಿಸಿಕೊಳ್ಳಲು ಬಂದವರ ಹತ್ತಿರ "ಎಲ್ಲಾ ಸರಿ ಐತೇನ್ರೀ, ನೋಡ್ಕೊಳ್ಳಿ" ಅಂತ ಹಾವೇರಿ ಕನ್ನಡದಲ್ಲೇ ಹೇಳಿ ಪೊಟ್ಟಣ ಕೊಡುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ.

ಈ ಸಲ ನನ್ನ ವರ್ಗಾವಣೆ ಖಚಿತ ಅಂತ ಹೇಳುತ್ತಿದ್ದಾರೆ. ಕ್ಲೇಮ್ ನೋಟ್‌ಬುಕ್ಕನ್ನು ಯಾರಿಗೆ ಕೊಡುವುದು ಅನ್ನುವುದೇ ಈಗಿನ ಯೋಚನೆ. ಹೊಸದಾಗಿ ಸೇರಿದ ಹುಡುಗಿಗೆ ಎರಡು ಫೈಲು ತೋರಿಸಿದೆ. ಶ್ರದ್ಧೆಯಿಂದ ಕೇಳಿಸಿಕೊಂಡಳು. ಆಮೇಲೆ, "ಸರ್, ನನಗೆ ಸ್ವಸಹಾಯ ಸಂಘದ ಲೆಕ್ಕಗಳೇ ಇಷ್ಟ, ಇದು ಬೇಡ" ಅಂದಳು. ಸರಿ ಅಂದೆ. ಗುರುವಾರ ಇನ್ನೊಬ್ಬ ರಜೆ ಮುಗಿಸಿ ಬರುತ್ತಾನೆ, ಅವನನ್ನು ಕೇಳಬೇಕು. ಅವನೂ ಒಲ್ಲೆ ಅಂದರೆ ನೋಟ್‌ಬುಕ್ಕು ಝೆರಾಕ್ಸ್ ಅಂಗಡಿಗೆ ಹೋಗುತ್ತದೆ ಅಂತ ಮ್ಯಾನೇಜರ್‌ಗೆ ಹೇಳಿದ್ದೇನೆ.